ಹಿತ್ತಾಳೆಯಿಂದ ಪಾಲಿಕಾರ್ಬೊನೇಟಿಗೆ: ಹೆಡ್‌ಲೈಟ್ ಒರೆಸಿದ ಕೈಗಳ ಚರಿತ್ರೆ

ಪುಣೆಯಿಂದ ಅಹಿಲ್ಯಾನಗರಕ್ಕೆ, ಅಂದರೆ ಮೊದಲಿನ ಅಹಮದ್‌ನಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಸುಮಾರು 50 ಕಿಲೋಮೀಟರ್ ಸಾಗಿದರೆ ರಾಂಜಣಗಾಂವ ಸಿಗುತ್ತದೆ. ಶಿರೂರು ತಾಲ್ಲೂಕಿನ ಈ ಊರಿಗೆ ಎರಡು ಬಗೆಯ ಜನ ಬರುತ್ತಾರೆ. ಅಷ್ಟವಿನಾಯಕ ಯಾತ್ರೆಗೆ ಹೊರಟವರು ಮಹಾಗಣಪತಿಯ ದರ್ಶನಕ್ಕೆ ಬಂದರೆ, ಪಾಳಿಯ ಕೆಲಸಗಾರರು ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಬರುತ್ತಾರೆ. ತ್ರಿಪುರಾಸುರನ ಮೇಲೆ ಯುದ್ಧಕ್ಕೆ ಹೊರಡುವ ಮುನ್ನ ಶಿವನೇ ಇಲ್ಲಿ ಗಣಪತಿಯನ್ನು ಪೂಜಿಸಿದ ಎಂಬುದು ಸ್ಥಳಪುರಾಣ. ಗುಡಿ ಪೂರ್ವಾಭಿಮುಖವಾಗಿದೆ. 18ನೇ ಶತಮಾನದಲ್ಲಿ ಮಾಧವರಾವ್ ಪೇಶ್ವೆ ಮೂರ್ತಿಗೆಂದು ನೆಲಮಾಳಿಗೆಯಲ್ಲಿ ಕೋಣೆ ಕಟ್ಟಿಸಿದರು. ಆಮೇಲೆ ಇಂದೋರಿನ ಸರದಾರ ಕಿಬೆ ಅವರು ಗುಡಿಯ ಜೀರ್ಣೋದ್ಧಾರ ಮಾಡಿಸಿದರು.

ಈ ರಸ್ತೆಗೆ ಇನ್ನೊಂದು ವಿಶೇಷವಿದೆ. ಇದರ ಒಂದು ತುದಿಯಾದ ಪುಣೆಯಲ್ಲಿ 1966ರಲ್ಲಿ ಹುಟ್ಟಿದ ಭಾರತೀಯ ಆಟೊಮೋಟಿವ್ ಸಂಶೋಧನಾ ಸಂಘ, ಎಲ್ಲರೂ ಎಆರ್‌ಎಐ ಎಂದು ಕರೆಯುವ ಸಂಸ್ಥೆ, ಇದೆ. ಇನ್ನೊಂದು ತುದಿಯಾದ ಅಹಿಲ್ಯಾನಗರದಲ್ಲಿ ಡಿಆರ್‌ಡಿಒಗೆ ಸೇರಿದ ವಾಹನ ಸಂಶೋಧನಾ ಸಂಸ್ಥೆ ವಿಆರ್‌ಡಿಇ ಇದೆ. ದೇಶದಲ್ಲಿ ಮಾರಾಟಕ್ಕೆ ಬರುವ ವಾಹನಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡಲು ಕೇಂದ್ರ ಮೋಟಾರು ವಾಹನ ನಿಯಮಗಳು ಅಧಿಕಾರ ಕೊಟ್ಟ ಸಂಸ್ಥೆಗಳ ಪಟ್ಟಿಯಲ್ಲಿ ಇವೆರಡೂ ಸೇರಿವೆ. ಎರಡರ ನಡುವೆ, ರಾಂಜಣಗಾಂವದಲ್ಲಿ, ಫಿಯೆಟ್ ಕಟ್ಟಿದ ಕಾರು ಕಾರ್ಖಾನೆ. ಕಾರಿನ ಮುಂದೀಪ ಹಿತ್ತಾಳೆಯಿಂದ ಗಾಜಿಗೆ, ಗಾಜಿನಿಂದ ಪ್ಲಾಸ್ಟಿಕ್ಕಿಗೆ ಬಂದ ಕಥೆಯನ್ನೂ, ಅದನ್ನು ಮನೆಯಲ್ಲಿ ಒರೆಸಿ ಉಳಿಸಿಕೊಂಡು ಬಂದ ರೂಢಿಯ ಕಥೆಯನ್ನೂ ಈ ದಾರಿಯಲ್ಲೇ ಹೇಳಬಹುದು.

ಮುಂಬಯಿಗೆ ಮೊದಲ ಕಾರುಗಳು ಬಂದದ್ದು 1898ರಲ್ಲಿ. ಆಗಿನ ಒಡೆಯರಲ್ಲಿ ಜಮ್‌ಷೆಟ್‌ಜಿ ಟಾಟಾ ಒಬ್ಬರು. ಆ ಕಾಲದ ಕಾರುಗಳಿಗೆ ಕುದುರೆಗಾಡಿಯಿಂದ ಬಂದ ಎಣ್ಣೆ ದೀಪಗಳೇ ಗತಿ. ಎದುರಿನವರಿಗೆ ಗಾಡಿ ಬರುತ್ತಿದೆ ಎಂದು ತಿಳಿಯುತ್ತಿತ್ತೇ ಹೊರತು ಓಡಿಸುವವನಿಗೆ ದಾರಿ ಕಾಣುತ್ತಿರಲಿಲ್ಲ. ಆ ಕೊರತೆ ನೀಗಿಸಿದ್ದು ಕಾರ್ಬೈಡ್ ದೀಪ. ಕೆನಡಾದ ಥಾಮಸ್ ವಿಲ್ಸನ್ 1892ರಲ್ಲಿ ಕ್ಯಾಲ್ಸಿಯಂ ಕಾರ್ಬೈಡನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ವಿಧಾನ ಕಂಡುಕೊಂಡ ಮೇಲೆ ಅದು ಅಗ್ಗವಾಯಿತು. ಮಾವು ಹಣ್ಣು ಮಾಡಲು ಬಳಸಿ ಕೆಟ್ಟ ಹೆಸರು ಪಡೆದ ಅದೇ ಕಾರ್ಬೈಡ್ ಇದು. ದೀಪದ ಕೆಳಗಿನ ಡಬ್ಬಿಯಲ್ಲಿ ಕಾರ್ಬೈಡ್ ತುಂಡುಗಳು, ಮೇಲಿನ ಡಬ್ಬಿಯಲ್ಲಿ ನೀರು. ಹನಿ ಹನಿಯಾಗಿ ನೀರು ಬಿದ್ದಂತೆ ಅಸೆಟಿಲೀನ್ ಅನಿಲ ಹುಟ್ಟಿ, ಕಡ್ಡಿ ಗೀರಿದರೆ ಬೆಳ್ಳಗೆ ಉರಿಯುತ್ತಿತ್ತು.

ಬೆಳಕು ಚೆನ್ನಾಗಿತ್ತು, ಚಾಕರಿ ಮಾತ್ರ ವಿಪರೀತ. ಅನಿಲ ಹೋದ ಮೇಲೆ ಡಬ್ಬಿಯಲ್ಲಿ ಉಳಿಯುವುದು ಅರಳಿದ ಸುಣ್ಣದ ಕೆಸರು. ಅದನ್ನು ಬೆಳಿಗ್ಗೆಯೇ ಕೆರೆದು ತೊಳೆಯದಿದ್ದರೆ ಗಟ್ಟಿಯಾಗಿ ಕೂರುತ್ತಿತ್ತು. ಉರಿಯ ತುದಿಯನ್ನು ಬಳಪದ ಕಲ್ಲಿನಿಂದ ಮಾಡುತ್ತಿದ್ದರು, ಹೊಯ್ಸಳ ಶಿಲ್ಪಿಗಳು ಬೇಲೂರಿನಲ್ಲಿ ಉಳಿ ಹಿಡಿದು ಕೆತ್ತಿದ ಕಲ್ಲಿನ ಜಾತಿಯದೇ. ಮೆದುವಾದ, ಶಾಖ ತಡೆಯುವ ಆ ಕಲ್ಲಿನ ಸಣ್ಣ ತೂತು ಮಸಿಯಿಂದ ಕಟ್ಟಿಕೊಂಡರೆ ತೆಳು ತಂತಿಯಿಂದ ಚುಚ್ಚಿ ಬಿಡಿಸಬೇಕು. ಆಮೇಲೆ ಗಾಜಿನ ಮಸಿ, ಕೊನೆಗೆ ಹಿತ್ತಾಳೆಯ ಹೊಳಪು. ಇಂಗ್ಲೆಂಡಿನಲ್ಲಿ 1905ರಲ್ಲಿ ಬ್ರಾಸೊ ಬಂತು. ಇಲ್ಲಿ ದೇವರ ಸಾಮಾನು ಬೆಳಗುವ ಹುಣಸೆಹಣ್ಣು, ಬೂದಿ ಮನೆಯಲ್ಲಿಯೇ ಇದ್ದವು. ಹಿತ್ತಾಳೆಯ ಕಿಲುಬು ತೆಗೆಯುವುದು ಹುಣಸೆಯ ಆಮ್ಲ, ಹೊಳಪು ಕೊಡುವುದು ಬೂದಿಯ ನಯವಾದ ಉಜ್ಜು. ವಸ್ತುವಿಗೆ ತಕ್ಕ ಮದ್ದು ಯಾವುದೆಂದು ಮನೆಯವರಿಗೆ ಗೊತ್ತಿತ್ತು.

ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಯಲ್ಲಿ ದೀಪ ಬೆಳಗಿದ್ದು 1905ರಲ್ಲಿ. ಕಾರಿಗೆ ವಿದ್ಯುತ್ ದೀಪ ಗಟ್ಟಿಯಾಗಿ ಬಂದದ್ದು ಅದಾದ ಏಳು ವರ್ಷಕ್ಕೆ, 1912ರಲ್ಲಿ, ಅಮೆರಿಕದ ಕ್ಯಾಡಿಲಾಕ್ ಕಂಪನಿ ಸ್ಟಾರ್ಟರನ್ನೂ ದೀಪಗಳನ್ನೂ ಒಂದೇ ವಿದ್ಯುತ್ ವ್ಯವಸ್ಥೆಯಲ್ಲಿ ಕೂಡಿಸಿದಾಗ. ಸುಣ್ಣದ ಕೆಸರಿನ ಕಾಟ ತೀರಿತು, ಬೇರೊಂದು ಕೆಲಸ ಶುರುವಾಯಿತು. ಬಲ್ಬಿನ ಹಿಂದಿನ ಬೋಗುಣಿಗೆ ಬೆಳ್ಳಿಯ ಲೇಪವಿರುತ್ತಿತ್ತು. ಗಾಳಿಯಾಡಿದರೆ ಬೆಳ್ಳಿ ಕಪ್ಪಾಗುತ್ತದೆ, ಬೆರಳು ತಾಗಿದರೆ ಕಲೆ ಉಳಿಯುತ್ತದೆ. ಅದನ್ನು ಮೃದುವಾದ ಚರ್ಮದ ತುಂಡಿನಿಂದ ಬಲು ಜೋಪಾನವಾಗಿ ಒರೆಸಬೇಕಿತ್ತು. ಜೋರಾಗಿ ತಿಕ್ಕಿದರೆ ಲೇಪವೇ ಎದ್ದು ಬರುತ್ತಿತ್ತು. ಈ ಕಾಟಕ್ಕೆ ಅಮೆರಿಕ 1940ರ ಮಾದರಿಗಳಿಂದ ಕಂಡುಕೊಂಡ ಉತ್ತರ ಸೀಲ್ಡ್ ಬೀಮ್: ಗಾಜು, ಬೋಗುಣಿ, ತಂತಿ ಎಲ್ಲವನ್ನೂ ಬೆಸೆದು ಮುಚ್ಚಿದ ಒಂದೇ ಗುಂಡು. ಒಳಗೆ ದೂಳು ಹೋಗದು, ಬೆಳ್ಳಿ ಕಪ್ಪಾಗದು. ಕೆಟ್ಟರೆ ಬಿಚ್ಚಿ ಬಿಸಾಡಿ ಹೊಸದು ಹಾಕುವುದು.

ರಾಂಜಣಗಾಂವದ ಕಾರ್ಖಾನೆಯ ಪೂರ್ವಕಥೆ ಇರುವುದು ಮುಂಬಯಿಯ ಕುರ್ಲಾದಲ್ಲಿ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಅಲ್ಲಿ ಫಿಯೆಟ್ ಕಾರುಗಳನ್ನು ತಯಾರಿಸುತ್ತಿತ್ತು. 1960ರ ದಶಕದ ಫಿಯೆಟ್ 1100, 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿಯಾಗಿ ಹೆಸರು ಬದಲಿಸಿಕೊಂಡು, ಹೊಸ ಶತಮಾನದ ಹೊಸ್ತಿಲವರೆಗೂ ಹೊರಬರುತ್ತಲೇ ಇತ್ತು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಯಾಗಿ ಅದು 2023ರ ಅಕ್ಟೋಬರ್‌ವರೆಗೆ ಓಡಿತು. ಪದ್ಮಿನಿಗೆ ಎರಡು ದುಂಡನೆಯ ಗಾಜಿನ ಹೆಡ್‌ಲೈಟ್. ಅಂಬಾಸಿಡರ್‌ಗೂ ಅಷ್ಟೇ. ಬೆಳಕು ಹರಡಲೆಂದು ಗಾಜಿನೊಳಗೆ ಗೀರುಗಳಿರುತ್ತಿದ್ದವು. ಮುಂಬದಿಯ ಸ್ಟೀಲ್ ಬಳೆಯ ಸ್ಕ್ರೂ ಬಿಚ್ಚಿದರೆ ದೀಪ ಕೈಗೆ ಬರುತ್ತಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಪುಣೆಯ ನಾನಾ ಪೇಟೆಯಲ್ಲೋ ಬಿಡಿಭಾಗದ ಅಂಗಡಿಗೆ ಹೋದರೆ ಹೊಸ ಗಾಜು ಸಿಗುತ್ತಿತ್ತು.

ಗಾಜು ಒರೆಸುವ ವಿದ್ಯೆ ಕನ್ನಡದ ಮನೆಗಳಿಗೆ ಕಾರಿಗಿಂತ ಹಳೆಯದು. ದಿನವೂ ಸಂಜೆ ಲಾಟೀನಿನ ಚಿಮಣಿಯ ಮಸಿಯನ್ನು ಬೂದಿ, ಹಳೆ ಬಟ್ಟೆಯಿಂದ ತಿಕ್ಕಿ ತೆಗೆದವರೇ ಮುಂದೆ ಭಾನುವಾರ ಬಕೆಟ್ ಹಿಡಿದು ಕಾರು ತೊಳೆದರು. ಒದ್ದೆ ಮಾಡಿದ ಸುದ್ದಿಪತ್ರಿಕೆ, ಹಳೆ ಬನಿಯನ್ನು, ಒಂದಿಷ್ಟು ಸೋಪಿನ ಪುಡಿ ಇದ್ದರೆ ಸಾಕು. ಡಾಂಬರು ಹತ್ತಿದ್ದರೆ ಸೀಮೆಎಣ್ಣೆ, ಒಣಗಿದ ಹುಳು ಅಂಟಿದ್ದರೆ ಬ್ಲೇಡು. ಗಾಜು ಇದನ್ನೆಲ್ಲ ತಡೆದುಕೊಳ್ಳುತ್ತಿತ್ತು. ಲಾರಿಗಳಲ್ಲಿ ಈ ಕೆಲಸ ಕ್ಲೀನರ್‌ ಹುಡುಗನ ಪಾಲು. ಡ್ರೈವರ್ ಢಾಬಾದಲ್ಲಿ ಚಹಾ ಕುಡಿಯುವಷ್ಟರಲ್ಲಿ ಅವನು ಚೊಂಬಿನಲ್ಲಿ ನೀರು ಹಿಡಿದು ಮುಂದಿನ ಗಾಜಿಗೂ ದೀಪಕ್ಕೂ ಎರಚಿ ಒರೆಸುತ್ತಿದ್ದ. ಸ್ಟಿಯರಿಂಗ್ ಹಿಡಿಯುವ ಮುನ್ನ ಹಲವರು ದಾಟಿದ ಮೊದಲ ಪಾಠ ಅದೇ.

1971ರ ಡಿಸೆಂಬರ್ 3ರಿಂದ 16ರವರೆಗೆ ನಡೆದ ಭಾರತ-ಪಾಕಿಸ್ತಾನ ಯುದ್ಧ ಈ ಗಾಜಿಗೆ ಕಪ್ಪು ಬಣ್ಣ ಬಳಿಸಿತು. ಮುಂಬಯಿಯಂಥ ನಗರಗಳಲ್ಲಿ ಬ್ಲ್ಯಾಕ್‌ಔಟ್ ಜಾರಿಯಲ್ಲಿತ್ತು. ಕಿಟಕಿಗಳಿಗೆ ಕಪ್ಪು ಕಾಗದ, ಕಾರಿನ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ, ಆಕಾಶದಿಂದ ಬೆಳಕು ಕಾಣಬಾರದೆಂದು. ಯುದ್ಧ ಎರಡೇ ವಾರದಲ್ಲಿ ಮುಗಿದರೂ ಕಪ್ಪು ಮಾತ್ರ ಹೋಗಲಿಲ್ಲ. ಎದುರಿನವರ ಕಣ್ಣು ಕುಕ್ಕದಂತೆ ದೀಪದ ಮೇಲ್ಭಾಗಕ್ಕೆ ಕಪ್ಪು ಪಟ್ಟಿ ಅಥವಾ ನಡುವೆ ಕಪ್ಪು ಬೊಟ್ಟು ಇಡುವ ರೂಢಿ ಬಸ್ಸು ಲಾರಿಗಳಲ್ಲಿ ದಶಕಗಳ ಕಾಲ ಉಳಿಯಿತು, ಪೊಲೀಸರೂ ಅದನ್ನು ಹಚ್ಚಿಸಿದರು. ಲಾರಿಯ ಹಿಂಭಾಗದಲ್ಲಿ ರಾತ್ರಿ ಡಿಪ್ಪರ್ ಬಳಸಿ ಎಂಬ ಬರಹ ಕಡ್ಡಾಯವೇನೋ ಎಂಬಷ್ಟು ಸಾಮಾನ್ಯವಾಯಿತು. ಕೇಂದ್ರ ಮೋಟಾರು ವಾಹನ ನಿಯಮಗಳು 1989ರಲ್ಲಿ ಬಂದಾಗ ದೀಪ ಹೊತ್ತಿಸಬೇಕಾದ ಹೊತ್ತನ್ನೂ, ಎದುರಿನವರ ಕಣ್ಣಿಗೆ ರಾಚದಂತೆ ಬೆಳಕನ್ನು ಬಗ್ಗಿಸಬೇಕೆಂಬುದನ್ನೂ ಬರೆದಿಟ್ಟವು. ಸೂರ್ಯಾಸ್ತವಾಗಿ ಅರ್ಧ ಗಂಟೆಯಾದ ಮೇಲಿನಿಂದ ಸೂರ್ಯೋದಯಕ್ಕೆ ಅರ್ಧ ಗಂಟೆ ಇರುವವರೆಗೆ ದೀಪ ಉರಿಯಲೇಬೇಕು.

ಆ ಕಪ್ಪು ಬಣ್ಣವನ್ನು ತೆಗೆದದ್ದು ಹೇಗೆ ಎಂಬುದು ಮುಂದಿನ ಕಥೆಗೆ ಮುಖ್ಯ. ಬ್ಲೇಡಿನಿಂದ ಕೆರೆದು, ಸೀಮೆಎಣ್ಣೆಯಲ್ಲೋ ಥಿನ್ನರ್‌ನಲ್ಲೋ ಅದ್ದಿದ ಬಟ್ಟೆಯಿಂದ ಒರೆಸಿದರೆ ಗಾಜು ಮೊದಲಿನಂತೆ ಹೊಳೆಯುತ್ತಿತ್ತು. ಇದು ಒಂದು ಇಡೀ ತಲೆಮಾರಿನ ಕೈಗೆ ಹತ್ತಿದ ಅಭ್ಯಾಸ. ಮುಂದೆ ಹೆಡ್‌ಲೈಟಿನ ವಸ್ತು ಬದಲಾಯಿತು. ಅಭ್ಯಾಸ ಬದಲಾಗಲಿಲ್ಲ.

ಪಾಲಿಕಾರ್ಬೊನೇಟ್ ಹುಟ್ಟಿದ್ದು 1953ರಲ್ಲಿ. ಜರ್ಮನಿಯ ಬೇಯರ್ ಕಂಪನಿಯಲ್ಲಿ ಹರ್ಮನ್ ಷ್ನೆಲ್, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಡೇನಿಯಲ್ ಫಾಕ್ಸ್, ಒಬ್ಬರಿಗೊಬ್ಬರು ತಿಳಿಯದಂತೆ ಒಂದೇ ವರ್ಷ ಇದನ್ನು ಕಂಡುಕೊಂಡರು. ಗಾಜಿನಷ್ಟೇ ಪಾರದರ್ಶಕ, ತೂಕದಲ್ಲಿ ಅದರ ಅರ್ಧ, ಕಲ್ಲು ಬಡಿದರೂ ಒಡೆಯದಷ್ಟು ಗಟ್ಟಿ. ಚಂದ್ರನ ಮೇಲೆ ನಡೆದ ಅಪೊಲೊ ಯಾತ್ರಿಗಳ ಗುಳ್ಳೆಯಾಕಾರದ ಶಿರಸ್ತ್ರಾಣಕ್ಕೂ ಇದೇ ವಸ್ತು. ಕರಗಿಸಿ ಅಚ್ಚಿಗೆ ಹೊಯ್ದರೆ ಬೇಕಾದ ಬಾಗಿಗೆ ಬಾಗುತ್ತದೆ. ಅಮೆರಿಕದಲ್ಲಿ ದುಂಡು ಅಥವಾ ಆಯತಾಕಾರದ ಸೀಲ್ಡ್ ಬೀಮ್ ಬಿಟ್ಟು ಬೇರೆ ದೀಪಕ್ಕೆ ಅವಕಾಶ ಸಿಕ್ಕಿದ್ದು 1983ರಲ್ಲಿ. ಮರುವರ್ಷದ ಲಿಂಕನ್ ಕಾರೊಂದು ಬಾಗಿದ ಪ್ಲಾಸ್ಟಿಕ್ ಹೆಡ್‌ಲೈಟ್ ಹೊತ್ತು ಬಂತು. ಯೂರೋಪಿನ ನಿಯಮಗಳು 1990ರ ದಶಕದಲ್ಲಿ ಬಾಗಿಲು ತೆರೆದವು. ಭಾರತದ ರಸ್ತೆಗಳಲ್ಲಿ 2000ರ ನಂತರ ಗಾಜಿನ ಹೆಡ್‌ಲೈಟಿನ ಹೊಸ ಕಾರು ಅಪರೂಪವಾಗುತ್ತ ಹೋಯಿತು.

ಇದೇ ಹೊತ್ತಿಗೆ ಫಿಯೆಟ್‌ನ ಭಾರತದ ಬದುಕು ಕುರ್ಲಾದಿಂದ ರಾಂಜಣಗಾಂವಕ್ಕೆ ಸರಿಯಿತು. ಟಾಟಾ ಮೋಟಾರ್ಸ್ ಜೊತೆ ಸಮಪಾಲಿನ ಕೂಡು ಕಂಪನಿ 2007ರಲ್ಲಿ ರೂಪುಗೊಂಡಿತು. 2009ರ ಜನವರಿಯಲ್ಲಿ ಲಿನಿಯಾ, ಜೂನ್‌ನಲ್ಲಿ ಗ್ರಾಂಡೆ ಪುಂಟೊ ಮಾರುಕಟ್ಟೆಗೆ ಬಂದವು. ಪದ್ಮಿನಿಯ ದುಂಡು ಗಾಜಿನ ಜಾಗದಲ್ಲಿ ಈಗ ಬಾನೆಟ್ಟಿನ ಮೇಲೆ ಹಿಂದಕ್ಕೆ ಹರಿದ ಉದ್ದನೆಯ ಪಾಲಿಕಾರ್ಬೊನೇಟ್ ದೀಪ. ಫಿಯೆಟ್ ಹೆಸರಿನ ಕಾರುಗಳ ಮಾರಾಟ 2019ರ ಹೊತ್ತಿಗೆ ನಿಂತರೂ ಕಾರ್ಖಾನೆ ನಿಲ್ಲಲಿಲ್ಲ. 2017ರಿಂದ ಜೀಪ್ ಕಂಪಾಸ್ ಅಲ್ಲಿ ತಯಾರಾಗಿ, ಬಲಗಡೆ ಸ್ಟಿಯರಿಂಗ್ ಇರುವ ಆಸ್ಟ್ರೇಲಿಯಾ, ಬ್ರಿಟನ್, ಜಪಾನ್‌ಗಳಿಗೂ ಹೋಯಿತು. ಟಾಟಾ ನೆಕ್ಸಾನ್ ಹೊರಬರುವುದೂ ಅಲ್ಲಿಂದಲೇ. ಕರ್ನಾಟಕದ ಬೀದಿ ಬೀದಿಯಲ್ಲಿ ನಿಂತಿರುವ ಎಷ್ಟೋ ನೆಕ್ಸಾನ್‌ಗಳ ಹೆಡ್‌ಲೈಟ್ ಮೊದಲ ಬಾರಿ ಉರಿದದ್ದು ರಾಂಜಣಗಾಂವದಲ್ಲಿ.

ಹೊಸ ವಸ್ತುವಿಗೆ ಎರಡು ದೌರ್ಬಲ್ಯಗಳು. ಒಂದು, ಅದು ಒಡೆಯದು, ಆದರೆ ಅದಕ್ಕೆ ಬೇಗ ಗೀರು ಬೀಳುತ್ತದೆ. ಎರಡು, ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಅದರ ಮೇಲ್ಮೈಯ ಅಣುಗಳ ಕೊಂಡಿ ಕಳಚಿ, ಗಾಳಿಯ ಆಮ್ಲಜನಕದ ಜೊತೆ ಸೇರಿ ಹಳದಿ ಬಣ್ಣದ ಸಂಯುಕ್ತಗಳಾಗುತ್ತವೆ. ಆದ್ದರಿಂದಲೇ ಕಾರ್ಖಾನೆಯಲ್ಲಿ ಅದರ ಮೇಲೆ ಪಾರದರ್ಶಕವಾದ ಗಟ್ಟಿ ಲೇಪ ಕೊಡುತ್ತಾರೆ. ತಲೆಗೂದಲಿಗಿಂತ ತೆಳ್ಳಗಿನ ಈ ಪದರವೇ ಹೆಡ್‌ಲೈಟಿನ ಆಯುಷ್ಯ. ದಖನ್ನಿನ ಬಿಸಿಲು, ರಸ್ತೆಯ ಮರಳು, ಒಣ ಬಟ್ಟೆಯ ಉಜ್ಜಾಟ ಎಲ್ಲವೂ ವರ್ಷಗಟ್ಟಲೆ ಅದನ್ನು ಸವೆಸುತ್ತವೆ. ಲೇಪ ಅಲ್ಲಲ್ಲಿ ಹೋದ ಕಡೆ ಮೊದಲು ಮಂಜು ಕವಿದಂತೆ, ಆಮೇಲೆ ಹಳದಿಯಾಗಿ ಕಾಣುತ್ತದೆ. ನೆರಳಿಲ್ಲದ ಬೀದಿಯಲ್ಲಿ ನಿಲ್ಲುವ ಕಾರಿನಲ್ಲಿ ಬಿಸಿಲು ಹೆಚ್ಚು ಬೀಳುವ ಮೇಲಂಚು ಮೊದಲು ಕೆಡುವುದು ಇದೇ ಕಾರಣಕ್ಕೆ. ಅದು ಕೊಳೆಯಲ್ಲ, ಎಷ್ಟು ತೊಳೆದರೂ ಹೋಗುವುದಿಲ್ಲ.

ಎಷ್ಟು ಬೆಳಕು ನಷ್ಟವಾಗುತ್ತದೆ? ಅಮೆರಿಕದ ವಾಹನ ಸವಾರರ ಸಂಘ ಎಎಎ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಬಿಸಿಲಿಗೆ ಹಾಳಾದ ಹೆಡ್‌ಲೈಟುಗಳು ಲೋ ಬೀಮ್‌ನಲ್ಲಿ ಹೊಸದರ ಬೆಳಕಿನ ಶೇ 20ರಷ್ಟನ್ನು ಮಾತ್ರ ಕೊಟ್ಟವು. ಸರಿಯಾಗಿ ಉಜ್ಜಿ ಸರಿಪಡಿಸಿದಾಗ ಅದು ಸುಮಾರು ಶೇ 70ಕ್ಕೆ ಏರಿತು. ಹಾಳಾದ ಲೆನ್ಸು ಬೆಳಕನ್ನು ತಡೆಯುವುದಷ್ಟೇ ಅಲ್ಲ, ಉಳಿದ ಬೆಳಕನ್ನು ಅಡ್ಡಾದಿಡ್ಡಿ ಚೆದುರಿಸಿ ಎದುರಿನವರ ಕಣ್ಣಿಗೂ ಹೊಡೆಯುತ್ತದೆ.

ಮನೆಯ ಅಭ್ಯಾಸ ಅಪಾಯವಾದದ್ದು ಇಲ್ಲಿ. ಲಾಟೀನಿಗೂ ಪದ್ಮಿನಿಗೂ ಒಗ್ಗಿದ್ದ ಮದ್ದುಗಳೇ ಪಾಲಿಕಾರ್ಬೊನೇಟಿಗೆ ವಿಷ. ಬ್ಲೇಡು ಲೇಪವನ್ನು ಹರಿಯುತ್ತದೆ. ಬೂದಿ ಸೂಕ್ಷ್ಮ ಗೀರು ಹಾಕುತ್ತದೆ. ಪೆಟ್ರೋಲು, ಥಿನ್ನರ್ ತಾಗಿದರೆ ಪ್ಲಾಸ್ಟಿಕ್ಕಿನೊಳಗೆ ಜೇಡರ ಬಲೆಯಂಥ ಬಿರುಕು ಮೂಡುತ್ತದೆ, ಅದನ್ನು ಯಾವ ಪಾಲಿಶೂ ಅಳಿಸದು. ಕಿಟಕಿ ಗಾಜಿಗೆ ಹಾಕುವ ಅಮೋನಿಯಾ ದ್ರವವೂ ಸಲ್ಲದು. ಸೊಳ್ಳೆ ಓಡಿಸುವ ದ್ರವ ಹಚ್ಚಿದರೆ ಹಳದಿ ಕೂಡಲೇ ಮಾಯವಾಗುತ್ತದೆಂಬ ಉಪಾಯ ಬಾಯಿಂದ ಬಾಯಿಗೆ ಹರಡಿದೆ. ಅದರಲ್ಲಿರುವ ಡೀಟ್ ಎಂಬ ರಾಸಾಯನಿಕ ಪ್ಲಾಸ್ಟಿಕ್ಕಿನ ಮೈಯನ್ನೇ ಮೆದು ಮಾಡುವುದರಿಂದ ಹೊಳಪು ಬಂದಂತೆ ಕಾಣುತ್ತದೆ, ಆಮೇಲೆ ಇನ್ನಷ್ಟು ಕೆಡುತ್ತದೆ. ದ್ರಾವಕ ಕಾಯಿಸಿ ಹಬೆ ಹಿಡಿದು ಕ್ಷಣದಲ್ಲಿ ಹೊಳೆಸುವ ಅಂಗಡಿಗಳೂ ಇವೆ. ಆ ಹಬೆ ಉಸಿರಿಗೆ ಕೆಟ್ಟದ್ದು, ಮನೆಯಲ್ಲಿ ಮಾಡುವಂಥದಲ್ಲ.

ಎಲ್ಲಕ್ಕಿಂತ ಜನಪ್ರಿಯವಾದದ್ದು ಟೂತ್‌ಪೇಸ್ಟ್. ಅದು ಪೂರ್ತಿ ಸುಳ್ಳೂ ಅಲ್ಲ. ಪೇಸ್ಟಿನಲ್ಲಿರುವ ಸುಣ್ಣಕಲ್ಲಿನ ಪುಡಿ ಅಥವಾ ಸಿಲಿಕಾ ನಯವಾಗಿ ಉಜ್ಜಿ ಮೇಲಿನ ಹಳದಿಯನ್ನು ಸ್ವಲ್ಪ ತೆಗೆಯುತ್ತದೆ. ಆದರೆ ಅಳಿದುಳಿದ ಲೇಪವೂ ಅದರ ಜೊತೆ ಹೋಗುತ್ತದೆ. ಬೆತ್ತಲಾದ ಪ್ಲಾಸ್ಟಿಕ್ ಬಿಸಿಲಿಗೆ ಬಿದ್ದು ಕೆಲವೇ ತಿಂಗಳಲ್ಲಿ ಮೊದಲಿಗಿಂತ ಹೆಚ್ಚು ಹಳದಿಯಾಗುತ್ತದೆ. ಮತ್ತೆ ಪೇಸ್ಟು, ಮತ್ತೆ ಹಳದಿ.

ಸರಿಯಾದ ಕ್ರಮ ಕಷ್ಟದ್ದಲ್ಲ, ಅವಸರದ್ದಲ್ಲ ಅಷ್ಟೇ. ಸೋಪು ನೀರಿನಿಂದ ತೊಳೆದು, ಸುತ್ತಲಿನ ಬಣ್ಣಕ್ಕೆ ಗೀರು ಬೀಳದಂತೆ ಟೇಪು ಹಚ್ಚಬೇಕು. ನೀರಿನಲ್ಲಿ ನೆನೆಸಿದ ವಾಟರ್ ಪೇಪರನ್ನು, ಅಂದರೆ ನಯವಾದ ಮರಳು ಕಾಗದವನ್ನು, 800 ಅಥವಾ 1000 ನಂಬರಿನಿಂದ ಶುರು ಮಾಡಿ 2000, 3000ದವರೆಗೆ, ಒಂದಾದ ಮೇಲೊಂದು, ನೀರು ಹಾಕುತ್ತಲೇ ಸಮನಾಗಿ ಉಜ್ಜಬೇಕು. ಮೊದಮೊದಲು ಹಳದಿ ನೀರು ಇಳಿಯುತ್ತದೆ. ಅದು ಬೆಳ್ಳಗಾದಾಗ ಕೆಟ್ಟ ಪದರ ಹೋಯಿತೆಂದು ಅರ್ಥ. ಆಮೇಲೆ ರಬ್ಬಿಂಗ್ ಕಾಂಪೌಂಡಿನಿಂದ ಹೊಳಪು. ಕೊನೆಯದೇ ಮುಖ್ಯ ಹೆಜ್ಜೆ: ಪೂರ್ತಿ ಒಣಗಿಸಿ, ನೇರಳಾತೀತ ಕಿರಣ ತಡೆಯುವ ಕ್ಲಿಯರ್ ಕೋಟ್ ಕೊಡುವುದು. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಲೆನ್ಸಿನ ಒಳಗೆ ಹಬೆ ಕಟ್ಟಿದ್ದರೆ, ಒಳಗಿನ ಬೋಗುಣಿ ಕಪ್ಪಾಗಿದ್ದರೆ ಹೊರಗೆ ಉಜ್ಜಿ ಫಲವಿಲ್ಲ. ಎಲ್‌ಇಡಿ ಬಂದ ಮೇಲೆ ಗಾಜು ಮಾತ್ರ ಬದಲಿಸುವ ಕಾಲವೂ ಹೋಯಿತು. ಇಡೀ ಜೋಡಣೆಯನ್ನೇ ಬದಲಿಸಬೇಕಾಗುತ್ತದೆ, ಖರ್ಚು ಸಾವಿರಗಳಲ್ಲಿ. ಇರುವ ಲೇಪವನ್ನು ಕಾಪಾಡಿಕೊಳ್ಳುವುದೇ ಅಗ್ಗದ ದಾರಿ: ಮೊದಲು ನೀರು ಹರಿಸಿ ಮರಳು ಕಳೆದು ಆಮೇಲೆ ಮೆತ್ತನೆಯ ಬಟ್ಟೆ ತಾಗಿಸುವುದು, ಆಗಾಗ ವ್ಯಾಕ್ಸ್ ಹಚ್ಚುವುದು, ನೆರಳಲ್ಲಿ ನಿಲ್ಲಿಸುವುದು.

ಇದಕ್ಕೆ ನಮ್ಮಲ್ಲಿ ಒಂದು ಸಿದ್ಧವಾದ ಹಬ್ಬವಿದೆ. ಕರ್ನಾಟಕದಲ್ಲಿ ಮಹಾನವಮಿಯ ಆಯುಧಪೂಜೆಗೆ, ಮಹಾರಾಷ್ಟ್ರದಲ್ಲಿ ದಸರೆಗೆ ವಾಹನ ತೊಳೆದು, ಚೆಂಡುಹೂವಿನ ಹಾರ ಹಾಕಿ, ದೀಪಗಳಿಗೂ ಕುಂಕುಮ ಇಡುತ್ತಾರೆ. ಆ ಕುಂಕುಮ ಒಣಗಿದ ಮೇಲೆ ಒಣ ಬಟ್ಟೆಯಿಂದ ತಿಕ್ಕದೆ ನೀರು ಹಾಕಿ ತೊಳೆಯುವುದು ಒಳ್ಳೆಯದು. ಹಬ್ಬ ಕಳೆದ ಕೆಲವೇ ವಾರಗಳಲ್ಲಿ ಕಬ್ಬಿನ ಹಂಗಾಮು ಶುರು. ಶಿರೂರು ತಾಲ್ಲೂಕಿನ ರಸ್ತೆಗಳಲ್ಲೂ, ನಮ್ಮ ಬೆಳಗಾವಿ ಬಾಗಲಕೋಟೆಗಳಲ್ಲೂ ರಾತ್ರಿಯಿಡೀ ಕಬ್ಬಿನ ಟ್ರ್ಯಾಕ್ಟರು, ಎತ್ತಿನ ಗಾಡಿಗಳು ಸಾಗುತ್ತವೆ. ಎಷ್ಟೋ ಗಾಡಿಗಳ ಹಿಂದೆ ದೀಪವಿರುವುದಿಲ್ಲ, ಪ್ರತಿಫಲಕವೂ ಇರುವುದಿಲ್ಲ. ಅವು ಕಾಣುವುದು ಹಿಂದಿನಿಂದ ಬರುವ ಕಾರಿನ ಬೆಳಕಿನಲ್ಲಿ ಮಾತ್ರ. ಆದ್ದರಿಂದ ಈ ಸಲದ ಆಯುಧಪೂಜೆಗೆ ಕಾರು ತೊಳೆಯುವವರು ಕತ್ತಲಾದ ಮೇಲೆ ಗೋಡೆಯೊಂದರ ಎದುರು ನಿಲ್ಲಿಸಿ ಎರಡೂ ಹೆಡ್‌ಲೈಟ್ ಹಾಕಿ ನೋಡಬೇಕು. ಬೆಳಕು ಮಂಕಾಗಿದ್ದರೆ ಟೂತ್‌ಪೇಸ್ಟ್ ಬದಿಗಿಟ್ಟು ವಾಟರ್ ಪೇಪರ್ ಜೊತೆಗೆ ಕ್ಲಿಯರ್ ಕೋಟನ್ನೂ ತನ್ನಿ. ಅದು ಕೈಗೂಡದಿದ್ದರೆ, ಹಂಗಾಮು ಶುರುವಾಗುವ ಮೊದಲು ಮೆಕ್ಯಾನಿಕ್‌ಗೆ ತೋರಿಸಿ.